ಮರಳಿ ಬರುವ ಪ್ರತಿನಾಯಕ: ತುಮಕೂರು ಸೀಮೆಯ ಪೌರಾಣಿಕ ನಾಟಕ ಮತ್ತು ಅದರ ರಸಿಕರು

ಪೌರಾಣಿಕ ನಾಟಕದ ಪ್ರತಿನಾಯಕನು ಕಥೆಯ ಕೊನೆಗೆ ಸಾಯುತ್ತಾನೆ. ಮುಂದಿನ ಜಾತ್ರೆಯ ಹೊತ್ತಿಗೆ ಅದೇ ಊರಿನ ಚಪ್ಪರದ ಕೆಳಗೆ ಮತ್ತೆ ಎದ್ದು ಬರುತ್ತಾನೆ. ತೊಡೆ ಮುರಿದು ಬಿದ್ದ ದುರ್ಯೋಧನ, ಹತ್ತು ತಲೆಗಳನ್ನೂ ಕಳೆದುಕೊಂಡ ರಾವಣ, ಹೊಸ್ತಿಲಲ್ಲಿ ಹತನಾದ ಹಿರಣ್ಯಕಶಿಪು, ಇವರಾರೂ ನಮ್ಮ ಹಳ್ಳಿಗಳ ರಂಗಸ್ಥಳದಲ್ಲಿ ಒಂದೇ ಸಲ ಸತ್ತವರಲ್ಲ. ಈ ಮರುಬರವನ್ನು ಕಾದು ಕುಳಿತ ಪ್ರೇಕ್ಷಕನಿಗೆ ಕಥೆಯಲ್ಲಿ ತಿಳಿಯದ್ದು ಏನೂ ಇರುವುದಿಲ್ಲ. ಹಾಗಿದ್ದೂ ಅವನು ಬೆಳಗಿನವರೆಗೆ ಕುಳಿತಿರುತ್ತಾನೆ. ಬೆಳಗಾದ ಮೇಲೆ ಅರಳಿಕಟ್ಟೆಯಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಬಸ್ಸಿನಲ್ಲಿ, ಮುಗಿದ ಆಟವನ್ನು ಮತ್ತೆ ಎತ್ತಿಕೊಂಡು ವಾದಿಸುತ್ತಾನೆ. ನಾಟಕದ ಸಾಹಿತ್ಯವನ್ನೂ ಕಂಪನಿಗಳ ಇತಿಹಾಸವನ್ನೂ ಕುರಿತು ನಮ್ಮಲ್ಲಿ ಅನೇಕ ಬರಹಗಳು ಬಂದಿವೆ. ಆದರೆ ಈ ವಾದವನ್ನು ವಿಮರ್ಶೆಯೆಂದೇ ಪರಿಗಣಿಸಿ ಅದರ ತತ್ತ್ವವನ್ನು ಹುಡುಕುವ ಪ್ರಯತ್ನ ಸಾಕಷ್ಟು ನಡೆದಂತೆ ತೋರದು. ಆ ಕಡೆಗೆ ಒಂದೆರಡು ಹೆಜ್ಜೆ ಇಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ತುಮಕೂರು ಜಿಲ್ಲೆಗಿಂತ ತಕ್ಕ ನೆಲೆ ದೊರೆಯುವುದು ಕಷ್ಟ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ಉದ್ದಗಲಕ್ಕೆ ಕೊಂಡೊಯ್ದ ಗುಬ್ಬಿ ವೀರಣ್ಣನವರು (1891–1972) ಹಾಸ್ಯನಟರಾಗಿ ಹೆಸರಾದವರು. 'ಸದಾರಮೆ'ಯಲ್ಲಿ ಅವರು ಜನರನ್ನು ಮರುಳುಮಾಡಿದ್ದು ರಾಜಕುಮಾರನಾಗಿ ಅಲ್ಲ, ಕಳ್ಳನಾಗಿ. ಅದೇ ಕಂಪನಿ 1930ರ ದಶಕದಲ್ಲಿ 'ಕುರುಕ್ಷೇತ್ರ'ವನ್ನು ಆನೆ ಕುದುರೆಗಳ ವೈಭವದೊಡನೆ ಆಡಿತು. ತುಮಕೂರಿಗೆ ಸಮೀಪದ ಬೆಳ್ಳಾವೆಯವರಾದ ನರಹರಿಶಾಸ್ತ್ರಿಗಳು ಕಂಪನಿ ನಾಟಕಗಳಿಗೆ ಮಾತು, ಹಾಡುಗಳನ್ನು ಒದಗಿಸಿದರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಸಾಹಿತ್ಯವೂ ಅವರದೇ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರು 1954ರಲ್ಲಿ ಬೇಡರ ಕಣ್ಣಪ್ಪನಾಗಿ ಚಿತ್ರರಂಗದಲ್ಲಿ ಮೊದಲ ಬಾರಿಗೆ ನಾಯಕನ ಪಾತ್ರ ವಹಿಸಿ, 1958ರಲ್ಲಿ 'ಭೂಕೈಲಾಸ'ದ ರಾವಣನಾಗಿ, 1959ರಲ್ಲಿ ಮಹಿಷಾಸುರನಾಗಿ, 1983ರಲ್ಲಿ ಹಿರಣ್ಯಕಶಿಪುವಾಗಿ ಕಾಣಿಸಿಕೊಂಡರು. ಭಕ್ತನ ಪಾತ್ರಕ್ಕೆ ಕೈಮುಗಿದ ಪ್ರೇಕ್ಷಕರೇ ಈ ಅಸುರರನ್ನೂ ಮೆಚ್ಚಿದರು.

ಕಂಪನಿಗಳ ಕಾಲ ಕಳೆದರೂ ಅವುಗಳ ಮಟ್ಟುಗಳು ಹಳ್ಳಿಗಳಲ್ಲಿ ಉಳಿದುಕೊಂಡಿವೆ. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಊರುಗಳಲ್ಲಿ 'ಕುರುಕ್ಷೇತ್ರ', 'ದಾನಶೂರ ಕರ್ಣ', 'ಸಂಪೂರ್ಣ ರಾಮಾಯಣ' ಇಂದಿಗೂ ರಂಗಕ್ಕೆ ಬರುತ್ತವೆ. ಊರಿನವರೇ ಪಾತ್ರಧಾರಿಗಳು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಸೀನರಿ, ಉಡುಪುಗಳು ಬಾಡಿಗೆಗೆ ಬರುತ್ತವೆ. ಖರ್ಚಿಗೆ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದುರ್ಯೋಧನನ ಪಾತ್ರಕ್ಕೆ ಬೇಡಿಕೆ ಎಂದೂ ಕುಂದಿಲ್ಲ. ಸೋಲುವವನ ಪಾತ್ರವನ್ನು, ಅದರ ಸೋಲನ್ನು ಬಲ್ಲವನೇ ತನ್ನ ದುಡಿಮೆಯ ಹಣ ಕೊಟ್ಟು ಪಡೆಯುತ್ತಾನೆ. ಇದು ಕೇವಲ ಕಿರೀಟದ ಆಸೆಯೆಂದು ತಳ್ಳಿಹಾಕುವ ವಿಚಾರವಲ್ಲ.

ರಸಿಕರ ವಾದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮುಖ್ಯವಾಗಿ ಮೂರು ಪ್ರಶ್ನೆಗಳು ಕಾಣುತ್ತವೆ. ಮೊದಲನೆಯದು ಕಂಠಕ್ಕೆ ಸಂಬಂಧಿಸಿದ್ದು. ಪಾತ್ರ ಇನ್ನೂ ತೆರೆಯ ಹಿಂದಿರುವಾಗಲೇ ಪದ್ಯದ ಮೊದಲ ಎಳೆ ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ. ಆ ಶ್ರುತಿಯಲ್ಲಿ ಅರಸುತನ ಇತ್ತೇ ಇಲ್ಲವೇ ಎಂಬುದು ಅಲ್ಲಿಯೇ ನಿರ್ಣಯವಾಗುತ್ತದೆ. ನಮ್ಮ ಶಾಸ್ತ್ರಕಾರರು ನೇಪಥ್ಯದ ಮಾತಿಗೆ ಚೂಲಿಕೆಯೆಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರೆಂಬುದನ್ನು ನೆನೆದರೆ, ಕಾಣುವ ಮೊದಲು ಕೇಳುವ ಈ ಕ್ರಮ ಹೊಸದಲ್ಲವೆಂದು ತಿಳಿಯುತ್ತದೆ. ಎರಡನೆಯದು ಪ್ರವೇಶದ ಔಚಿತ್ಯ. ಮೂಡಲಪಾಯ ಯಕ್ಷಗಾನದಲ್ಲಿ ರಂಗಕ್ಕೆ ಬಂದ ಪಾತ್ರ ತಾನಾರೆಂಬುದನ್ನು ತಾನೇ ಹೇಳಿಕೊಳ್ಳಬೇಕು. ಆ ಸಂಪ್ರದಾಯದ ಸೀಮೆಯಲ್ಲಿ ಬೆಳೆದ ರಸಿಕನು ದುರ್ಯೋಧನನ ನಡಿಗೆ, ಗದೆಯ ಹಿಡಿತ, ಮೀಸೆಯ ಮೇಲಿನ ಕೈ, ಇವೆಲ್ಲವನ್ನೂ ಆ ಆತ್ಮಪರಿಚಯದ ಅಂಗಗಳೆಂದೇ ಓದುತ್ತಾನೆ. ಮೂರನೆಯದು ಅತ್ಯಂತ ಸ್ವಾರಸ್ಯವಾದದ್ದು: ಇಂದು ಬಂದವನು ಹಿಂದೆ ಬಂದವನೇ ಹೌದೇ? ಹಳೆಯ ಪಾತ್ರಧಾರಿ ಮುಪ್ಪಾಗಿ ಹೊಸಬನು ಕಿರೀಟ ಧರಿಸಿದಾಗ, ಜನ ಅವನಲ್ಲಿ ಹೊಸತನವನ್ನೂ ಹುಡುಕುತ್ತಾರೆ, ಹಳಬನ ಗುರುತನ್ನೂ ಹುಡುಕುತ್ತಾರೆ. ಯಥಾವತ್ತಾಗಿ ಅನುಕರಿಸಿದರೆ ಪಡಿಯಚ್ಚೆನ್ನುತ್ತಾರೆ; ಪೂರ್ತಿಯಾಗಿ ಬದಲಿಸಿದರೆ ಅವನು ದುರ್ಯೋಧನನೇ ಅಲ್ಲವೆನ್ನುತ್ತಾರೆ.

ಈ ಮೂರನೆಯ ಪ್ರಶ್ನೆ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನ ಬಿ.ಬಿ.ಸಿ. 1963ರಲ್ಲಿ ಆರಂಭಿಸಿದ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನೆಯ ಕಥಾಮಾಲಿಕೆಯಲ್ಲಿ 'ಮಾಸ್ಟರ್' ಎಂಬ ಪ್ರತಿನಾಯಕನಿದ್ದಾನೆ. 1971ರಲ್ಲಿ ಆ ಪಾತ್ರವನ್ನು ಮೊದಲು ಧರಿಸಿದ ರೋಜರ್ ಡೆಲ್ಗಾಡೊ 1973ರಲ್ಲಿ ತೀರಿಕೊಂಡರು. ಪಾತ್ರ ಮಾತ್ರ ಒಬ್ಬ ನಟನಿಂದ ಇನ್ನೊಬ್ಬನಿಗೆ ದಾಟಿತು. 1981ರಲ್ಲಿ ಒಂದು ಕಥೆಯಲ್ಲಿ ಅದನ್ನು ಅಭಿನಯಿಸಿದ ಜೆಫ್ರಿ ಬೀವರ್ಸ್ ಇಪ್ಪತ್ತು ವರ್ಷಗಳ ತರುವಾಯ, 2001ರಲ್ಲಿ, ಬಿಗ್ ಫಿನಿಶ್ ಸಂಸ್ಥೆ ಧ್ವನಿಮುದ್ರಿಸಿದ ಕೇಳುನಾಟಕದಲ್ಲಿ ಬರಿಯ ಕಂಠವಾಗಿ ಮರಳಿದರು. ಮುಖವಿಲ್ಲದೆ ಮರಳಿದ ಖಳನು ಆ ಹಳೆಯವನೇ ಹೌದೇ ಎಂಬುದು ಅಲ್ಲಿಯ ಅಭಿಮಾನಿಗಳಿಗೂ ಚರ್ಚೆಯ ವಸ್ತು. ಆ ಕಥೆಗಾರರು ದೇಹ ಬದಲಾಯಿಸುವ ಅನ್ಯಲೋಕದ ಜೀವಿಯೆಂಬ ಕಲ್ಪನೆಯಿಂದ ಪಾತ್ರದ ಮರುಬರವನ್ನು ಸಮರ್ಥಿಸಿಕೊಂಡರು. ನಮ್ಮ ಪುರಾಣಕಾರರು ಜಯವಿಜಯರ ಶಾಪದಿಂದ ಅದೇ ಕೆಲಸವನ್ನು ಬಹಳ ಹಿಂದೆಯೇ ಸಾಧಿಸಿದ್ದರು. ವೈಕುಂಠದ ದ್ವಾರಪಾಲಕರಿಬ್ಬರು ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಮೂರು ಸಲ ಹುಟ್ಟಿ ಮೂರು ಸಲ ಹತರಾಗುತ್ತಾರೆ. ಎಂದರೆ ಖಳನ ಮರುಬರ ನಮ್ಮಲ್ಲಿ ಕಥೆಗಾರನ ಅನುಕೂಲಕ್ಕೆ ಹೂಡಿದ ಉಪಾಯವಲ್ಲ. ಲೋಕವ್ಯವಸ್ಥೆಯ ಒಂದು ಭಾಗ. ಕೆಡುಕು ಒಮ್ಮೆ ಸೋತಮಾತ್ರಕ್ಕೆ ಮುಗಿಯಿತೆಂದು ಈ ಪರಂಪರೆ ಎಂದೂ ನಂಬಿಸಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಖಳನಿಗೆ ಇಷ್ಟು ಮನ್ನಣೆ ಸಲ್ಲುವುದು ರಂಗದ ಅವನತಿಯ ಲಕ್ಷಣವಲ್ಲವೇ ಎಂದು ಕೇಳುವವರಿದ್ದಾರೆ. ಅಲಂಕಾರಶಾಸ್ತ್ರ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಧನಂಜಯನು ಪ್ರತಿನಾಯಕನನ್ನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ನಿರೂಪಿಸಿದ್ದಾನೆ, ನಿಜ. ಆದರೆ ಆ ಪಟ್ಟಿಯಲ್ಲಿಯೂ ಧೀರ ಎಂಬ ಅಂಶ ಉಳಿದಿದೆ. ದಂಡಿಯಾದರೋ ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ಮೊದಲು ಬಣ್ಣಿಸಿ, ಅಂಥವನನ್ನು ಗೆದ್ದುದರಿಂದ ನಾಯಕನ ಹಿರಿಮೆಯನ್ನು ಹೇಳುವ ಕ್ರಮ ತನಗೆ ಪ್ರಿಯವೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಹೀಗಿರುವಲ್ಲಿ, ದುರ್ಯೋಧನನ ಕಂಠವನ್ನು ಮೆಚ್ಚಿದ ರಸಿಕನು ಭೀಮನಿಗೆ ದ್ರೋಹ ಬಗೆದಂತಾಗಲಿಲ್ಲ. ಮೇಲಾಗಿ ಹಳ್ಳಿಯ ಪ್ರೇಕ್ಷಕನ ದೃಷ್ಟಿ ಇಬ್ಬಗೆಯದು: ಕಿರೀಟದ ಕೆಳಗಿನ ಕೌರವೇಶ್ವರನನ್ನೂ, ನಾಳೆ ಬೆಳಗ್ಗೆ ಹೊಲಕ್ಕೆ ಹೋಗಲಿರುವ ನೆರೆಮನೆಯವನನ್ನೂ ಅವನು ಏಕಕಾಲಕ್ಕೆ ಕಾಣುತ್ತಾನೆ. ಹೂವಿನ ಹಾರ ಬೀಳುವುದು ಈ ಎರಡನೆಯವನ ಕೊರಳಿಗೆ.

ಇಷ್ಟರಿಂದ ಸಮಸ್ಯೆ ಮುಗಿಯಿತೆನ್ನುವಂತಿಲ್ಲ. ನಿಜವಾದ ಅಪಾಯ ಬೇರೊಂದು ಕಡೆಯಿಂದ ಬರುತ್ತದೆ. ಅದನ್ನು ಅರಿಯಲು ರನ್ನನ 'ಗದಾಯುದ್ಧ'ವನ್ನು ನೆನೆಯುವುದು ಉಪಯುಕ್ತ. ರನ್ನನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನಿಗೆ ಕಾವ್ಯದಲ್ಲಿ ಭೀಮನೊಡನೆ ಅಭೇದ. ಆದಕಾರಣ ಭೀಮನ ಜಯವೇ ಕವಿಯ ಕರ್ತವ್ಯ. ಆದರೂ ಅವನು ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ತಮ್ಮನಿಗಾಗಿ, ಮಗನಿಗಾಗಿ, ಕರ್ಣನಿಗಾಗಿ ಅಳಿಸಿದ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಸಾಹಸಕ್ಕೆ ಕೈಮುಗಿಸಿದ. ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲೆಯನ್ನು ತಾಳಲಾರದೆ ಎದ್ದು ಬರುವ ಸನ್ನಿವೇಶ ಕನ್ನಡ ಕಾವ್ಯದಲ್ಲಿ ಪ್ರತಿನಾಯಕನ ಅತ್ಯಂತ ಘನವಾದ ಮರುಬರವೆಂದರೆ ಅತಿಶಯೋಕ್ತಿಯಾಗದು. ಬಿ. ಎಂ. ಶ್ರೀಕಂಠಯ್ಯನವರು ಇದರಲ್ಲಿ ಗ್ರೀಕರ ದುರಂತನಾಟಕದ ಸತ್ತ್ವವನ್ನು ಕಂಡು 1926ರಲ್ಲಿ 'ಗದಾಯುದ್ಧ ನಾಟಕ'ವನ್ನು ರೂಪಿಸಿದರು.

ಆದರೆ ರನ್ನನು ದುರ್ಯೋಧನನ ದುಃಖವನ್ನು ಒಂಟಿಯಾಗಿ ನಿಲ್ಲಿಸಲಿಲ್ಲ. ಅವನ ಕಾವ್ಯದ ಕ್ರಮ ಸಿಂಹಾವಲೋಕನ. ಮುಂದೆ ನಡೆಯುತ್ತಲೇ ಹಿಂದಿರುಗಿ ನೋಡುವ ಈ ಕ್ರಮದಿಂದ, ಯುದ್ಧದ ಕೊನೆಯ ದಿನದ ಕಥೆಯೊಳಗೆ ಇಡೀ ಭಾರತ ಅಡಕವಾಗುತ್ತದೆ. ಕಾವ್ಯದ ಮೊದಲಲ್ಲಿಯೇ ದ್ರೌಪದಿ ಭೀಮನ ಮುಂದೆ ನಿಂತಿದ್ದಾಳೆ. ಅವಳ ಬಿಚ್ಚಿದ ಮುಡಿ ಕಾವ್ಯದುದ್ದಕ್ಕೂ ಬಿಚ್ಚಿಯೇ ಇದೆ. ಆದ್ದರಿಂದ ಸರೋವರದಿಂದ ಮೇಲೇಳುವವನ ಜೊತೆಗೆ ಅವನ ಕೃತ್ಯವೂ ಮೇಲೇಳುತ್ತದೆ. ನಾವು ಅವನಿಗಾಗಿ ಮರುಗುತ್ತೇವೆ. ಆದರೆ ಸಭೆಯಲ್ಲಿ ನಡೆದುದನ್ನು ಮರೆತು ಮರುಗುವುದಿಲ್ಲ. ಪ್ರತಿನಾಯಕನ ಮರುಬರಕ್ಕೆ ಇದಕ್ಕಿಂತ ನ್ಯಾಯವಾದ ಒರೆಗಲ್ಲು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಈ ಒರೆಗಲ್ಲಿಗೆ ಇಂದಿನ ರೂಢಿಯನ್ನು ತಿಕ್ಕಿ ನೋಡೋಣ. 'ಕುರುಕ್ಷೇತ್ರ'ದ ವಸ್ತು ಯುದ್ಧವಾದುದರಿಂದ ದ್ಯೂತಸಭೆಯ ಅನ್ಯಾಯ ಅಲ್ಲಿ ಬಹುಮಟ್ಟಿಗೆ ಮಾತಿನ ಮೂಲಕವೇ ಬರಬೇಕು. ಆ ಮಾತನ್ನು ಹೇಳುವವಳು ದ್ರೌಪದಿ. ರಾತ್ರಿ ಬೆಳೆದು, ದುರ್ಯೋಧನನ ಪದ್ಯಕ್ಕೆ 'ಒನ್ಸ್ ಮೋರ್' ಬಿದ್ದು ಹೊತ್ತು ಮೀರಿದಾಗ, ಮೊಟಕಾಗುವ ಸಂಭವ ಹೆಚ್ಚಾಗಿರುವುದು ಅವಳ ಮಾತೇ. ಧ್ವನಿಸುರುಳಿಯ ಕಾಲದಿಂದ ಮೊದಲಾಗಿ ಇಂದಿನ ಮೊಬೈಲಿನವರೆಗೆ ಈ ಅಪಾಯ ಇನ್ನಷ್ಟು ಬೆಳೆದಿದೆ. ರಂಗದ ಮೇಲೆ ದುರ್ಯೋಧನನ ಗರ್ವೋಕ್ತಿಗೆ ಎದುರಾಗಿ ಒಬ್ಬ ಕೃಷ್ಣನೋ ವಿದುರನೋ ನಿಂತಿರುತ್ತಾನೆ. ಮಾತಾಡದಿದ್ದರೂ ಅವನ ಇರವೇ ಒಂದು ಉತ್ತರ. ಕಂಠವನ್ನಷ್ಟೇ ಕತ್ತರಿಸಿ ತೆಗೆದು ಕೈಯಿಂದ ಕೈಗೆ ದಾಟಿಸಿದಾಗ ಗರ್ವೋಕ್ತಿ ಉಳಿಯುತ್ತದೆ, ಉತ್ತರ ಕಳೆದುಹೋಗುತ್ತದೆ. ಆಗ ಮರಳಿ ಬಂದವನು ದುರ್ಯೋಧನನಲ್ಲ. ಅವನ ಗರ್ವ ಮಾತ್ರ. ಸಿಂಹಾವಲೋಕನವಿಲ್ಲದ ಈ ಮರುಬರದಲ್ಲಿ ಮೆಚ್ಚುಗೆಗೆ ತಡೆಯಿಲ್ಲ, ಮರುಕಕ್ಕೆ ಕಾರಣವಿಲ್ಲ.

ಹಾಗೆಂದು ಖಳನನ್ನು ಕುಗ್ಗಿಸಿ ಕಟ್ಟುವುದು ಪರಿಹಾರವಾಗದು. ಅವನನ್ನು ಬಲ್ಲವರ ಮಾತಿಗೆ ಅವನಷ್ಟೇ ಸ್ಥಳ ಕೊಡುವುದು ಪರಿಹಾರ. ಇದಕ್ಕೆ ದಾರಿ ನಮ್ಮ ಸೀಮೆಯಲ್ಲಿಯೇ ಇದೆ. 'ಸತಿ ಸುಲೋಚನ'ದ ಕಥೆ ಪ್ರತಿಪಕ್ಷದ ಅಂತಃಪುರದ ಕಥೆ. ಅಲ್ಲಿ ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ಅಭಿನಯಿಸಿದರು, ಆದರೆ ಕಥೆಗೆ ಹೆಸರಾದವಳು ಇಂದ್ರಜಿತುವಿನ ಹೆಂಡತಿ. ರಾವಣನ ಹಟದ ಬೆಲೆ ಏನೆಂಬುದು ಯುದ್ಧಭೂಮಿಯಲ್ಲಿ ತಿಳಿಯುವುದಕ್ಕಿಂತ ಸುಲೋಚನೆಯ ಅಳಲಿನಲ್ಲಿ ಹೆಚ್ಚು ತಿಳಿಯುತ್ತದೆ. ಖಳನ ಮನೆಯವರೇ ಖಳನ ಕೃತ್ಯಕ್ಕೆ ಸಾಕ್ಷಿಯಾಗುವ ಈ ವಿಧಾನ, ವೈರಿಯ ಬಾಯಿಂದ ಬರುವ ನಿಂದೆಗಿಂತ ಬಲವಾದದ್ದು. ಗಾಂಧಾರಿಗೂ ಭಾನುಮತಿಗೂ ಹಳ್ಳಿಯ 'ಕುರುಕ್ಷೇತ್ರ'ದಲ್ಲಿ ಅಂಥ ಎಡೆ ದೊರೆತರೆ, ದುರ್ಯೋಧನನ ಪಾತ್ರ ಕುಂದುವುದಿಲ್ಲ. ಬದಲಾಗಿ ಅದಕ್ಕೆ ಆಳ ಬರುತ್ತದೆ.

ಕೊನೆಯದಾಗಿ, ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗಲಿ, ಕುಣಿಗಲ್ಲಿನ ಕಡೆಯ ಯಾವುದೇ ಹಳ್ಳಿಯ ಚಪ್ಪರದಲ್ಲಾಗಲಿ ನಾಟಕ ನಡೆದಾಗ ನಾವು ಸಾಮಾನ್ಯವಾಗಿ ಬರೆದಿಟ್ಟುಕೊಳ್ಳುವುದು ಪಾತ್ರಧಾರಿಗಳ ಹೆಸರು ಮತ್ತು ಪದ್ಯಗಳ ಪಾಠ. ಅದರ ಜೊತೆಗೆ ಯಾವ ಪದ್ಯಕ್ಕೆ ಎಷ್ಟು ಸಲ ಮರುಕರೆ ಬಿತ್ತು, ಹೊತ್ತು ಮೀರಿದಾಗ ಯಾವ ಮಾತನ್ನು ಬಿಟ್ಟರು, ಮರುದಿನ ಅರಳಿಕಟ್ಟೆಯಲ್ಲಿ ಯಾವುದನ್ನು ಕುರಿತು ವಾದ ನಡೆಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಮುಖ್ಯವಾಗಿ, ದ್ರೌಪದಿ ಆ ರಾತ್ರಿ ಎಷ್ಟು ಮಾತಾಡಿದಳು ಎಂಬುದನ್ನು ಬರೆದಿಡಬೇಕು. ಹತ್ತಾರು ಊರುಗಳಿಂದ ಇಂಥ ಟಿಪ್ಪಣಿಗಳು ಸೇರಿದರೆ, ನಮ್ಮ ಜನ ಪ್ರತಿನಾಯಕನನ್ನು ಮೆಚ್ಚುವುದು ಅವನ ಕೃತ್ಯವನ್ನು ನೆನೆದೋ ಮರೆತೋ ಎಂಬ ಪ್ರಶ್ನೆಗೆ ಊಹೆಯಿಂದಲ್ಲದೆ ಆಧಾರದಿಂದ ಉತ್ತರ ಹೇಳುವುದು ಸಾಧ್ಯವಾದೀತು.