ದಂಡಿನೊಳಗಿನ ನಗೆ

ಯುದ್ಧಕಾಲದಲ್ಲಿ ಸಿಪಾಯಿಯನ್ನು ಕಂಡು ನಗುವುದು ಅಪಚಾರವೆಂದು ಬಗೆಯುವವರು ಚಾಪ್ಲಿನ್ನನ 'ಶೋಲ್ಡರ್ ಆರ್ಮ್ಸ್' ಚಿತ್ರವನ್ನು ನೋಡಬೇಕು. ಅದು ತೆರೆಗೆ ಬಂದದ್ದು 1918ರ ಅಕ್ಟೋಬರದಲ್ಲಿ. ಮೊದಲನೆಯ ಮಹಾಯುದ್ಧ ನಿಲ್ಲಲು ಇನ್ನೂ ಮೂರು ವಾರಗಳಿದ್ದವು. ಕಂದಕದ ಬಿಡಾರದಲ್ಲಿ ನೀರು ತುಂಬಿದೆ. ಬಡಪಾಯಿ ಅದರಲ್ಲಿಯೇ ಮುಳುಗಿ ಮಲಗಿ, ಗ್ರಾಮಾಫೋನಿನ ಕಹಳೆಯನ್ನು ಬಾಯಿಗೆ ಹಿಡಿದು ಉಸಿರಾಡುತ್ತಾನೆ. ಟಪಾಲು ಬಂದಾಗ ಅವನಿಗೆ ಒಂದೂ ಕಾಗದವಿಲ್ಲ. ಇನ್ನೊಬ್ಬನ ಹೆಗಲ ಮೇಲಿಂದ ಇಣುಕಿ, ಅವನ ಮನೆಯ ಸುದ್ದಿಗೆ ತಾನು ಹಿಗ್ಗುತ್ತಾನೆ, ತಾನು ಕುಗ್ಗುತ್ತಾನೆ. ಈ ಒಂದು ದೃಶ್ಯಕ್ಕಾಗಿ ಹತ್ತು ವೀರಗಾಥೆಗಳನ್ನು ಬಿಟ್ಟುಕೊಡಲು ನಾನು ಸಿದ್ಧ.

ಇಂಥ ಚಿತ್ರದಲ್ಲಿ ಅದರ ಕಾಲವನ್ನು ಗುರುತಿಸಬೇಕಾದರೆ, ಆಗ ದಂಡಿಗೆ ಯಾರ ಮನೆಯ ಮಕ್ಕಳು ಹೋಗಬೇಕಾಗಿತ್ತೆಂಬುದನ್ನು ಕೇಳಬೇಕು. ಬ್ರಿಟನ್ನಿನ ತರುಣರಿಗೆ ಸೈನ್ಯಸೇವೆ ಕಡ್ಡಾಯವಾಗಿದ್ದಾಗ, 1958ರಲ್ಲಿ, 'ಕ್ಯಾರಿ ಆನ್ ಸಾರ್ಜೆಂಟ್' ಬಂದಿತು. ಕವಾಯತಿನ ಫಜೀತಿ ಪ್ರೇಕ್ಷಕರಿಗೆ ಮನೆಯ ಮಾತು, ನಗೆಯೂ ಮೆದುವಾದುದು. ಅಮೆರಿಕದಲ್ಲಿ 1970ರಲ್ಲಿ ಬಂದ ರಾಬರ್ಟ್ ಆಲ್ಟ್‌ಮನ್ನನ 'ಮ್ಯಾಶ್' ಹೇಳುವುದು ಕೊರಿಯಾ ಯುದ್ಧದ ಕಥೆಯನ್ನು. ನೋಡಿದವರಿಗೆ ಕಂಡದ್ದು ವಿಯೆಟ್ನಾಂ. ರಕ್ತ ಚಿಮ್ಮುವ ಶಸ್ತ್ರಕ್ರಿಯೆಯ ಮೇಜಿನ ಪಕ್ಕದಲ್ಲಿಯೇ ವೈದ್ಯರ ಪೋಲಿ ಮಾತು. ಹೆಣ್ಣಿನ ಮೇಲೆ ಅವರು ನಡೆಸುವ ಕುಚೇಷ್ಟೆ ನನಗೆ ಹಿಡಿಸದು. ಆದರೆ ಕಡ್ಡಾಯ ಭರ್ತಿಗೆ ಮಕ್ಕಳನ್ನು ಕಳಿಸಿದ ಮನೆಗಳ ಸಿಟ್ಟು ಆ ನಗೆಯೊಳಗಿದೆ. 1973ರಲ್ಲಿ ಆ ಭರ್ತಿ ನಿಂತಿತು. 1980ರ 'ಪ್ರೈವೇಟ್ ಬೆಂಜಮಿನ್'ದ ನಾಯಿಕೆ ದಂಡು ಸೇರುವುದು ಭರ್ತಿ ಅಧಿಕಾರಿಯ ಬಣ್ಣದ ಮಾತಿಗೆ ಮರುಳಾಗಿ!

ನಮ್ಮಲ್ಲಿ ಸೈನ್ಯ ಸೇರುವುದು ಅವರವರ ಇಚ್ಛೆ. ಪೇಟೆಯ ಬಹುಪಾಲು ಮನೆಗಳು ಕವಾಯತಿನ ಮೈದಾನವನ್ನು ಕಂಡಿಲ್ಲ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ'ದ (1990) ಕೊಡಗಿನ ಅಚ್ಚಪ್ಪ ನಮ್ಮನ್ನು ಅಳಿಸಿದ. ಆ ಅಳು ನಿಜವಾದುದೇ. ನಗಿಸುವ ಕೆಲಸವನ್ನು ಮಾತ್ರ ನಮ್ಮ ಚಿತ್ರಗಳು ಪೊಲೀಸ್ ಪೇದೆಗೆ ಒಪ್ಪಿಸಿವೆ. ಅವನನ್ನು ದಿನವೂ ಕಾಣುತ್ತೇವಲ್ಲ! ಸಿಪಾಯಿಯನ್ನು ಹಾರ ಹಾಕಿ ದೂರ ನಿಲ್ಲಿಸಿದ್ದೇವೆ. ಅವನ ಬೇಸರ, ಹಸಿವು, ಪೆದ್ದುತನಗಳನ್ನು ಕೇಳುವ ಗೋಜಿಗೆ ಹೋಗಿಲ್ಲ.

ತುಂಗಭದ್ರೆಯ ದಂಡೆಯ ನಮ್ಮ ಕೊರ್ಲಹಳ್ಳಿಯ ಕಟ್ಟೆಯ ಮೇಲೆ ಕುಳಿತು ನಿವೃತ್ತ ಸೈನಿಕರೊಬ್ಬರು ಹೇಳುತ್ತಿದ್ದ ಕಥೆಯೊಂದುಂಟು. ಹಿಂದಿ ಬಾರದ ಹೊಸ ಹುಡುಗನಿಗೆ ಹವಾಲ್ದಾರ 'ದಾಹಿನೇ ಮುಡ್' ಎಂದರೂ, 'ಪೀಛೇ ಮುಡ್' ಎಂದರೂ ಕೇಳಿಸಿದ್ದು 'ಮೂಡ' ಒಂದೇ. ಪ್ರತಿ ಸಲವೂ ಮೂಡಲಿಗೆ ಮುಖಮಾಡಿ ನೆಟ್ಟಗೆ ನಿಂತ. ಬಂದೂಕನ್ನು ತಲೆಯ ಮೇಲೆತ್ತಿ ಹಿಡಿದು ಮೈದಾನ ಸುತ್ತಿದ್ದಾಯಿತು.

“ಆ ಹುಡುಗ ಯಾರ್ರೀ ಕಾಕಾ?” ಎಂದರೆ, ಮೀಸೆಯ ಮೇಲೆ ಕೈಯಾಡಿಸುತ್ತ, “ಮತ್ಯಾರೋ ತಮ್ಮಾ, ನಾನಽ!” ಎನ್ನುತ್ತಿದ್ದರು.