ಚಿತ್ರಕಥೆಯ ವೀರನೂ ವಾಚಕನ ಸ್ಮೃತಿಯೂ

ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬಿಬ್ಬರ ಸೂಪರ್‌ಮ್ಯಾನ್ 1938ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದಂದಿನಿಂದ ಸೂಪರ್‌ಹೀರೋ ಕಾಮಿಕ್ಸ್, ಎಂದರೆ ಅತಿಮಾನವ ವೀರರ ಚಿತ್ರಕಥೆಗಳು, ಜನಾದರವನ್ನು ಪಡೆದುವು. ಬಾಲ್ಯದಿಂದಲೂ ಇವುಗಳನ್ನು ಓದುತ್ತ ಬಂದವರಲ್ಲಿ ಹಲವರು ಈಗ ಬೇಸತ್ತಿದ್ದಾರೆ. ತಮ್ಮ ವೀರರು ಮೊದಲಿನಂತಿಲ್ಲವೆಂದು ದೂರುತ್ತಾರೆ. ಇದನ್ನು ಕಳೆದ ಕಾಲದ ಮೇಲಣ ಮೋಹವೆಂದು ತಳ್ಳಿಹಾಕುವವರುಂಟು. ಆದರೆ ಈ ಅಸಮಾಧಾನದಲ್ಲಿ ಕಾವ್ಯಮೀಮಾಂಸೆಗೆ ಸಂಬಂಧಿಸಿದ ಪ್ರಶ್ನೆಯೊಂದು ಅಡಗಿದೆ.

ಮಾರ್ಪಾಡೇ ದೋಷವೆನ್ನಲಾಗದು. ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಇವರು 1962ರಲ್ಲಿ ಸೃಷ್ಟಿಸಿದ ಸ್ಪೈಡರ್‌ಮ್ಯಾನನ ಕಥೆಯಲ್ಲಿ, 1973ರಲ್ಲಿ, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಮಡಿದಳು. ಇದಕ್ಕಿಂತ ದೊಡ್ಡ ಮಾರ್ಪಾಡುಂಟೆ? ಆದರೂ ಕಥೆ ಅದನ್ನು ಮರೆಯಲಿಲ್ಲ. ಆ ಸಾವಿನ ಭಾರವನ್ನು ನಾಯಕನು ಹೊತ್ತೇ ನಡೆದನು. 1987ರಲ್ಲಿ ಅವನು ಮೇರಿ ಜೇನಳನ್ನು ವರಿಸಿದನು. ವಾಚಕರು ಇಪ್ಪತ್ತು ವರ್ಷ ಕಂಡ ಆ ದಾಂಪತ್ಯವನ್ನು, 2007ರಲ್ಲಿ, ಚಿಕ್ಕಮ್ಮನ ಪ್ರಾಣವನ್ನುಳಿಸಲು ಮೆಫಿಸ್ಟೊ ಎಂಬ ಪಿಶಾಚಾಧಿಪತಿಯೊಡನೆ ಮಾಡಿಕೊಂಡ ಒಪ್ಪಂದದ ನೆಪದಿಂದ, ಎಂದೂ ನಡೆಯಲಿಲ್ಲವೆಂಬಂತೆ ಅಳಿಸಿಹಾಕಲಾಯಿತು. ಮೊದಲನೆಯದು ಕಥೆಯ ಬೆಳವಣಿಗೆ. ಎರಡನೆಯದು ಕಥೆಯ ನಿರಾಕರಣೆ.

ಭರತಮುನಿಯು ಕರುಣವನ್ನು ವಿಪ್ರಲಂಭದಿಂದ ಬೇರ್ಪಡಿಸಿರುವುದು ಇಲ್ಲಿ ಸ್ಮರಣೀಯ. ಪುನಸ್ಸಮಾಗಮದ ಅಪೇಕ್ಷೆಯುಳ್ಳುದು ವಿಪ್ರಲಂಭ. ಅದು ಕಡಿದುಹೋದುದು ಕರುಣ. 1992ರಲ್ಲಿ ಸೂಪರ್‌ಮ್ಯಾನನು ಹತನಾದನು, 1993ರಲ್ಲಿಯೇ ಹಿಂದಿರುಗಿದನು. ಇಂತಹ ಪುನರಾಗಮನವು ರೂಢಿಯಾದ ಮೇಲೆ ವೀರನ ಮರಣವನ್ನು ಕಂಡ ವಾಚಕನು ಮರುಗುವುದಿಲ್ಲ; ಅವನು ಮರಳುವುದೆಂದೆಂದು ತಿಂಗಳುಗಳನ್ನೆಣಿಸುತ್ತಾನೆ. ಅಲ್ಲಿ ಶೋಕವು ಸ್ಥಾಯಿಯಾಗುವುದೆಂತು?

ಪ್ರಕಾಶಕರ ಕಷ್ಟವೂ ನಿಜವೇ. ಮನುಷ್ಯನು ಕಾರ್ಯಮಾಡಿದಂತೆಲ್ಲ ಅವನ ಆಯುಸ್ಸು ಸವೆಯುತ್ತದೆ. ತಿಂಗಳು ತಿಂಗಳೂ ಬರಬೇಕಾದ ವೀರನು ಸವೆಯಕೂಡದು. ಇಟಲಿಯ ವಿಮರ್ಶಕ ಉಂಬೆರ್ತೊ ಎಕೊ ಅವರು ಈ ಇಕ್ಕಟ್ಟನ್ನು 1962ರಲ್ಲಿಯೇ ವಿವೇಚಿಸಿದ್ದರು. ಹೊಸ ವಾಚಕರಿಗೆ ದಾರಿ ತೆರೆಯಲೆಂದು ಡಿಸಿ ಸಂಸ್ಥೆಯು 2011ರಲ್ಲಿ 52 ಮಾಲೆಗಳನ್ನು ಒಂದನೆಯ ಸಂಚಿಕೆಯಿಂದ ಪ್ರಾರಂಭಿಸಿತು. ಹೊಸಬರಿಗೆ ಬಾಗಿಲು ತೆರೆಯುವುದು ಯುಕ್ತವೇ. ಆದರೆ ಒಮ್ಮೆ ಅಳಿಸಿದವರು ಮತ್ತೊಮ್ಮೆ ಅಳಿಸರೆಂಬ ನಂಬಿಕೆ ಆ ಹೊಸಬರಿಗೂ ಉಳಿಯದು.

ಅನೇಕ ಲೇಖಕರ ಕೈಯಲ್ಲಿ ದಶಕಗಳ ಕಾಲ ಬೆಳೆಯುವ ಇಂತಹ ಕಥೆಗೆ ಐಕ್ಯವನ್ನು ಕೊಡುವುದು ಬಹುಮಟ್ಟಿಗೆ ವಾಚಕನ ಸ್ಮೃತಿ. ಅದನ್ನು ಅಲ್ಲಗಳೆದ ಕೃತಿಯು ತನ್ನ ಆಧಾರವನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಹಳೆಯ ವಾಚಕರ ದೂರನ್ನು ವಿಮರ್ಶಕರು ಮನ್ನಿಸತಕ್ಕುದೆಂದು ನಮ್ಮ ಅಭಿಪ್ರಾಯ.