ಮ್ಯಾಕ್‌ಡೊನಾಗೆ ಐದೇ ಸಾಲು

1916ರ ಐರ್ಲೆಂಡ್ ದಂಗೆಯ ಕವಿಗಳ ಬಗ್ಗೆ ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಒಂದು ತೀರ್ಪು ತಲೆಮಾರಿನಿಂದ ತಲೆಮಾರಿಗೆ ದಾಟಿಕೊಂಡು ಬಂದಿದೆ. ಪಿಯರ್ಸ್, ಪ್ಲಂಕೆಟ್, ಮ್ಯಾಕ್‌ಡೊನಾ ಮೂವರೂ ಸಾಧಾರಣ ಕವಿಗಳು, ಬ್ರಿಟಿಷರ ಗುಂಡು ಅವರನ್ನು ದೊಡ್ಡವರನ್ನಾಗಿ ಮಾಡಿತು, ಆ ದಂಗೆಯಿಂದ ಸಾಹಿತ್ಯಕ್ಕೆ ದಕ್ಕಿದ್ದು ಯೇಟ್ಸ್‌ನ ಕವಿತೆಯೊಂದೇ ಎಂಬ ತೀರ್ಪು. ಈಚೆಗೆ ಒಂದು ವಿಚಾರಸಂಕಿರಣದಲ್ಲಿ ಇದನ್ನೇ ಮತ್ತೆ ಕೇಳಿದೆ. ಸಭೆಯೆಲ್ಲ ತಲೆದೂಗಿತು. ಹಾಗೆ ತಲೆದೂಗಿದವರಲ್ಲಿ ಎಷ್ಟು ಮಂದಿ ಮ್ಯಾಕ್‌ಡೊನಾನ ಒಂದು ಪುಟವನ್ನಾದರೂ ತೆರೆದಿದ್ದರು?

ಪಿಯರ್ಸ್‌ನ ರಕ್ತತರ್ಪಣದ ಭಾಷೆ ನನಗೂ ಸಹ್ಯವಲ್ಲ. ಪ್ಲಂಕೆಟ್‌ನ ಅನುಭಾವದಲ್ಲಿ ಧೂಪದ ಹೊಗೆಯೇ ಹೆಚ್ಚು. ಅವರಿಬ್ಬರ ಪರವಾಗಿ ವಾದಿಸಲು ಬೇರೆಯವರಿದ್ದಾರೆ. ನನ್ನ ಜಗಳ ಥಾಮಸ್ ಮ್ಯಾಕ್‌ಡೊನಾನ ಪರವಾಗಿ.

ಈ ತೀರ್ಪಿನ ಬೇರು ಯೇಟ್ಸ್‌ನ ಆ ಕವಿತೆಯಲ್ಲೇ ಇದೆ. 1916ರ ಸೆಪ್ಟೆಂಬರಿನಲ್ಲಿ ಅದನ್ನು ಬರೆದು ಮುಗಿಸಿದ ಕವಿ ಇಪ್ಪತ್ತೈದು ಪ್ರತಿಗಳನ್ನು ಖಾಸಗಿಯಾಗಿ ಅಚ್ಚು ಹಾಕಿಸಿ ಆಪ್ತರಿಗೆ ಹಂಚಿದ. ಪತ್ರಿಕೆಯಲ್ಲಿ ಅದು ಬೆಳಕು ಕಂಡದ್ದು 1920ರಲ್ಲಿ. ಅದರಲ್ಲಿ ಮ್ಯಾಕ್‌ಡೊನಾಗೆ ದಕ್ಕಿದ್ದು ಐದು ಸಾಲು: ಸೂಕ್ಷ್ಮ ಮನಸ್ಸಿನವನು, ಶಕ್ತಿ ಆಗತಾನೇ ಕೂಡಿಬರುತ್ತಿತ್ತು, ಮುಂದೊಂದು ದಿನ ಹೆಸರು ಮಾಡುತ್ತಿದ್ದನೇನೋ. ಈ ‘ಏನೋ’ ಎಂಬ ಧ್ವನಿಯನ್ನೇ ವಿಮರ್ಶೆ ಶಾಸನದಂತೆ ಕೆತ್ತಿಕೊಂಡು ಕೂತಿದೆ. ಆದರೆ ಯೇಟ್ಸ್ ಆ ಸಾಲುಗಳನ್ನು ಬರೆಯುವ ಹೊತ್ತಿಗೆ ಮ್ಯಾಕ್‌ಡೊನಾನ ಮುಖ್ಯ ಕೃತಿ ‘ಲಿಟರೇಚರ್ ಇನ್ ಐರ್ಲೆಂಡ್’ ಅಚ್ಚಾಗಿ ಹೊರಬಂದಿತ್ತು.

ಟಿಪ್ಪರರಿ ಪ್ರಾಂತದ ಕ್ಲೌಜೋರ್ಡನ್ನಿನ ಈ ಮೇಷ್ಟರ ಮಗ ಐರಿಷ್ ನುಡಿಯನ್ನು ಆರನ್ ದ್ವೀಪಗಳಿಗೆ ಹೋಗಿ ಕಲಿತವನು. 1908ರಲ್ಲಿ ಪಿಯರ್ಸ್ ತೆರೆದ ಸೇಂಟ್ ಎಂಡಾಸ್ ಶಾಲೆಯಲ್ಲಿ ಪಾಠ ಮಾಡಿದ, ಆಮೇಲೆ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾದ. 1916ರ ಏಪ್ರಿಲ್ 24ರಂದು ದಂಗೆ ಎದ್ದಾಗ ಜೇಕಬ್ಸ್ ಬಿಸ್ಕತ್ತು ಕಾರ್ಖಾನೆಯನ್ನು ಹಿಡಿದ ತುಕಡಿಗೆ ಅವನೇ ನಾಯಕ. ಮೇ 3ರ ಬೆಳಗಿನ ಜಾವ ಕಿಲ್ಮೈನಮ್ ಜೈಲಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ಅವನ ವಾದ ಇದು: ಐರಿಷ್ ಜನ ಇಂಗ್ಲಿಷ್ ಆಡುವಾಗ ಅದರ ಒತ್ತುಗಳು ಸಡಿಲಗೊಳ್ಳುತ್ತವೆ. ಒಂದು ಅಕ್ಷರದ ಮೇಲೆ ಬಿದ್ದು ಮುಂದಿನದನ್ನು ನುಂಗಿಹಾಕುವ ಇಂಗ್ಲಿಷ್ ನಡೆ ಅಲ್ಲಿಲ್ಲ. ಮಾತು ಹೆಚ್ಚುಕಡಿಮೆ ಸಮನಾಗಿ ಹರಿಯುತ್ತದೆ. ಹಾಗಾಗಿ ಆಳುವವರ ಭಾಷೆಯಲ್ಲೇ ಬರೆದರೂ ಆಳಿಸಿಕೊಂಡವರ ಉಸಿರಿಗೆ ತನ್ನದೇ ಲಯವುಂಟು. ಇದನ್ನು ಅವನು ‘ಐರಿಷ್ ಮೋಡ್’ ಎಂದು ಕರೆದ. ಉದಾಹರಣೆಗೆ ಎತ್ತಿಕೊಂಡವುಗಳಲ್ಲಿ ಯೇಟ್ಸ್‌ನ ‘ಇನಿಸ್‌ಫ್ರೀ’ ಕೂಡ ಇತ್ತು! ಯೇಟ್ಸ್‌ನ ಕಿವಿಯನ್ನು ಮ್ಯಾಕ್‌ಡೊನಾ ಇಷ್ಟು ಪ್ರೀತಿಯಿಂದ ಓದಿದ. ಅವನ ಕಿವಿಯನ್ನು ಓದುವ ವ್ಯವಧಾನ ಯೇಟ್ಸ್‌ಗೆ ಇರಲಿಲ್ಲ.

ಮಾತು ಬರೀ ಸಿದ್ಧಾಂತವಲ್ಲ ಎಂಬುದಕ್ಕೆ ‘ಯೆಲ್ಲೋ ಬಿಟರ್ನ್’ ಸಾಕ್ಷಿ. ಹೆಪ್ಪುಗಟ್ಟಿದ ಕೆರೆಯ ಬದಿಯಲ್ಲಿ ನೀರಿಲ್ಲದೆ ಸತ್ತುಬಿದ್ದ ಹಳದಿ ಹಕ್ಕಿಯನ್ನು ಕಂಡು ಕುಡುಕ ಕವಿಯೊಬ್ಬ ತನ್ನ ಗತಿಯೂ ಇದೇ ಎಂದು ಹಲುಬುವ ಹಳೆಯ ಐರಿಷ್ ಪದ್ಯವದು. ಮ್ಯಾಕ್‌ಡೊನಾನ ಅನುವಾದದಲ್ಲಿ ಒಂದು ಸಾಲಿನ ಕೊನೆಯ ಪದಕ್ಕೆ ಪ್ರಾಸ ಸಿಗುವುದು ಮುಂದಿನ ಸಾಲಿನ ನಡುವೆ. ಐರಿಷ್ ಕಟ್ಟಿನ ಆ ಒಳಪ್ರಾಸವನ್ನು ಅವನು ಹಾಗೇ ಇಂಗ್ಲಿಷಿಗೆ ತಂದ. ಸಾಲಿನ ಅಂಚಿನಲ್ಲಿ ನಿಲ್ಲಬೇಕಾದ ಓದು ತಡವರಿಸುತ್ತ ಮುಂದಕ್ಕೆ ಜಾರುತ್ತದೆ, ಕುಡಿದವನ ಅಳು ಕಾಲೆಳೆದಂತೆ. ಅವನು ಸತ್ತ ಮೇಲೆ ಫ್ರಾನ್ಸಿಸ್ ಲೆಡ್ವಿಜ್ ಬರೆದ ಶೋಕಗೀತೆಯನ್ನು ನೋಡಿ. ಲೆಡ್ವಿಜ್ ಆಗ ಬ್ರಿಟಿಷ್ ಸೇನೆಯ ಸಿಪಾಯಿ, ಮರುವರ್ಷ ಈಪ್ರಾ ರಣರಂಗದಲ್ಲಿ ಸತ್ತವನು. ಗೆಳೆಯನನ್ನು ಕೊಂದ ಸರ್ಕಾರದ ಸಮವಸ್ತ್ರದಲ್ಲಿದ್ದುಕೊಂಡೇ ಅದೇ ಹಕ್ಕಿಯನ್ನು, ಅದೇ ಒಳಪ್ರಾಸವನ್ನು ತನ್ನ ಮೊದಲ ಸಾಲುಗಳಲ್ಲಿ ಎತ್ತಿಕೊಂಡ. ಗುರುವಿನ ಛಂದಸ್ಸಿನಲ್ಲೇ ಗುರುವಿಗಾಗಿ ಅತ್ತ. ಆಮೇಲೆ ಶಿಷ್ಯ ಆಸ್ಟಿನ್ ಕ್ಲಾರ್ಕ್ ಬದುಕಿಡೀ ಈ ಐರಿಷ್ ಕಟ್ಟುಗಳನ್ನೇ ಇಂಗ್ಲಿಷಿನಲ್ಲಿ ದುಡಿಸಿದ. ಒಂದು ಪರಂಪರೆ ಹುಟ್ಟಿತೆನ್ನಲು ಇನ್ನೇನು ಬೇಕು? ಮ್ಯಾಕ್‌ಡೊನಾನ ಸ್ವಂತ ಭಾವಗೀತೆಗಳಲ್ಲಿ ಸಪ್ಪೆಯಾದವು ಇಲ್ಲದಿಲ್ಲ. ಈ ಒಂದು ಅನುವಾದಕ್ಕಾಗಿ ನಾನು ಅವೆಲ್ಲವನ್ನೂ ಮಾಫಿ ಮಾಡುತ್ತೇನೆ. ಯೇಟ್ಸ್‌ನ ಗೋಪುರ ಕವಿತೆಗಳಲ್ಲಿ ಕೆಲವನ್ನು ಬಿಟ್ಟುಕೊಡಲೂ ಸಿದ್ಧ.

ದೂರದ ದೇಶದ ಜಗಳ ನಮಗೇಕೆ ಎನ್ನುವವರಿಗೆ ಜೇಮ್ಸ್ ಕಸಿನ್ಸ್ ನೆನಪಿರಲಿ. ಡಬ್ಲಿನ್ನಿನ ಇದೇ ಸಾಹಿತ್ಯ ವಲಯದ ಕವಿ, 1915ರಲ್ಲಿ ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಗೆ ಬಂದ, ಮರುವರ್ಷ ಐರಿಷ್ ದಂಗೆಯನ್ನು ಮೆಚ್ಚಿ ಬರೆದದ್ದಕ್ಕೆ ಆ ಕೆಲಸ ಕಳೆದುಕೊಂಡ. ಮೈಸೂರಿನಲ್ಲಿ ವಿದ್ಯಾರ್ಥಿ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಿರಿ ಎಂದವನು ಇವನೇ. ಈ ಪ್ರಸಂಗವನ್ನು ನಾವು ದೊರೆಯೊಬ್ಬ ಹುಡುಗನಿಗೆ ಹೇಳಿದ ಬುದ್ಧಿಮಾತಿನಂತೆ ಹೇಳಿಕೊಳ್ಳುತ್ತೇವೆ. ಕಸಿನ್ಸ್ ದೊರೆಗಳ ಜನವಲ್ಲ. ನುಡಿ ಕಳೆದುಕೊಂಡ ನಾಡಿನ ನೋವು ಬಲ್ಲವನು ಆಡಿದ ಮಾತು ಅದು. ನವೋದಯ ಇಂಗ್ಲಿಷ್ ರೊಮ್ಯಾಂಟಿಕರ ಕೂಸು ಎಂದು ಉರು ಹೊಡೆಯುವ ನಮ್ಮ ಸಾಹಿತ್ಯ ಚರಿತ್ರೆ ಆ ನೋವಿಗೆ ಎಲ್ಲಿ ಜಾಗ ಕೊಟ್ಟಿದೆ?

ಈ ಕಿವುಡು ಒಂದು ಅಭಿರುಚಿಯಿಂದ ಬಂದದ್ದು. ಎಲಿಯಟ್, ಯೇಟ್ಸ್‌ರನ್ನು ಗುರುಪೀಠದಲ್ಲಿ ಕೂರಿಸಿದ ನವ್ಯ ವಿಮರ್ಶೆ ಸಂದಿಗ್ಧವೇ ಕಾವ್ಯದ ಗುಣ, ನಿಲುವೇ ಕಾವ್ಯದ ದೋಷ ಎಂದು ನಮಗೆ ಕಲಿಸಿತು. ದೂರ ನಿಂತು ಅನುಮಾನಿಸಿದವನು ಕವಿ, ಒಳಗೆ ನಿಂತು ಸತ್ತವನು ಘೋಷಣೆಕಾರ. ಬೇಂದ್ರೆಯವರನ್ನೂ ಈ ಅಭಿರುಚಿ ಬಿಟ್ಟಿಲ್ಲ. ‘ನರಬಲಿ’ ಅವರನ್ನು ಹಿಂಡಲಗಾ ಜೈಲಿಗೆ ಕಳಿಸಿದ ಕವಿತೆ. ಆ ಶಿಕ್ಷೆಯ ಕತೆಯನ್ನು ಪ್ರತಿ ಬೇಂದ್ರೆ ಭಾಷಣದಲ್ಲೂ ಹೇಳುತ್ತೇವೆ. ಅದರ ನಡೆ ಎಂಥದು, ಪ್ರಾಸ ಎಲ್ಲಿ ತಡೆಯುತ್ತದೆ, ಎಲ್ಲಿ ನೂಕುತ್ತದೆ ಎಂದು ಕೇಳುವ ಹೊತ್ತಿಗೆ ‘ನಾಕುತಂತಿ’ಯತ್ತ ಹೊರಳುತ್ತೇವೆ. ಸರ್ಕಾರ ಕವಿಯನ್ನು ಸೆರೆಗೆ ಹಾಕುವಷ್ಟು ಗಂಭೀರವಾಗಿ ಓದಿದ ಪದ್ಯವನ್ನು ವಿಮರ್ಶಕರು ಅಷ್ಟೇ ಗಂಭೀರವಾಗಿ ಓದಿ ತೋರಿಸಲಿ. ಅಲ್ಲಿಯವರೆಗೆ ದಂಗೆಯ ಕವಿಗಳ ಮೇಲಿನ ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ.